ಪೀಟರ್ ಎಂದರೆ ಕಲ್ಲಪ್ಪ

ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಆ ಶುಕ್ರವಾರ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳು-ಅಳಿಯ ದುಬೈಯ ಮಿರ್ದಿಫ್‌ನಲ್ಲಿ ಬಾಡಿಗೆಗೆ ಹಿಡಿದಿದ್ದ ವಿಲ್ಲಾದ ನೆತ್ತಿಯ ಮೇಲೆ ಐದೈದು ನಿಮಿಷಕ್ಕೊಂದು ವಿಮಾನ ಇಳಿಯುತ್ತಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಗಳಿಗೆಗೇ ಒಂದು ಬಂದುಬಿಟ್ಟರೆ, ಊರಿಗೆಲ್ಲ ಗೊತ್ತಾಗಿ ಕೂಸಿಗೊಂದಕ್ಕೇ ತನ್ನ ಹೆಸರು ಗೊತ್ತಾಗದೆ ಹೋಗಬಹುದಿತ್ತು. ತೊಟ್ಟಿಲು ಉಡುಪಿಯವರೊಬ್ಬರ ಮನೆಯಿಂದ ಎರವಲು ತಂದದ್ದು. ಅದರ ಒಂದು ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಶಾರ್ಜಾದಿಂದ ಬರಬೇಕಾದ ಹೆಣ್ಣುಮಕ್ಕಳು ರಸ್ತೆಯ ಜಾಮಿನಲ್ಲಿ ಸಿಕ್ಕಿಕೊಂಡು ನಾಮಕರಣಕ್ಕೆ ಬರುವ ಬದಲು ಮೊದಲ ಹುಟ್ಟುಹಬ್ಬಕ್ಕೆ ಬರಬಹುದಿತ್ತು. ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಬೇಯಿಸಿ ಒಯ್ದ ಕಡಲೆ ಗುಗ್ಗರಿ ಕಾರಿನ ಡಿಕ್ಕಿಯ ಕಾವಿಗೆ ಹಳಸಬಹುದಿತ್ತು. ಹೆಸರು ಹೇಳಬೇಕಾದ ಸೋದರತ್ತೆ, ಅಂದರೆ ಅಳಿಯನ ತಂಗಿ, ಹಾಲೆಂಡಿನಿಂದ ಬಂದ ಆರಡಿ ಎತ್ತರದ ಹುಡುಗಿ. ತೊಟ್ಟಿಲವರೆಗೆ ಬಗ್ಗಿ ಸೊಂಟ ಹಿಡಿದುಕೊಳ್ಳಬಹುದಿತ್ತು. ನಮ್ಮ ಗದಗ-ಧಾರವಾಡದ ಕಡೆಯ ಪದ್ಧತಿಯಂತೆ, ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಾಗ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಹದಿನೈದು ಮಂದಿ ಕನ್ನಡತಿಯರು ಸೇರಿ ಒಬ್ಬ ವಿದೇಶೀ ಪ್ರವಾಸಿಯನ್ನು ಗುದ್ದಿದರೆ ಅದು ಪೊಲೀಸ್ ಠಾಣೆಯವರೆಗೂ ಹೋಗಬಹುದಿತ್ತು. ಇದೆಲ್ಲ ದಾಟಿದರೂ, ಆ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳದ್ದಾಗಿರಬಹುದಿತ್ತು. ಹೊರಳಿದರೂ ಅದರ ಅರ್ಥ ಕಾಡುಹಂದಿ ಎಂದಿರಬಹುದಿತ್ತು.

ಕಾಡುಹಂದಿ ಎಂಬುದನ್ನು ನಾನು ಸುಮ್ಮನೆ ಹೇಳಿದ್ದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಹೀಗೆ ಪಟ್ಟಿ ಮಾಡುವುದು ನನ್ನ ಹುಟ್ಟುರೋಗ ಎಂದು ಹೆಂಡತಿ ಗಿರಿಜಾ ಹೇಳುತ್ತಾಳೆ. ಇರಬಹುದು. ಆದರೆ ರೋಗಕ್ಕೆ ಸಂಬಳ ಪಡೆಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ದುಬೈಯ ಒಂದು ಕಟ್ಟಡ ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್. ಕೆಲಸಗಾರರು ಸಾರವೆ ಏರುವ ಮೊದಲು ಯಾರು ಎಲ್ಲಿಂದ ಬೀಳಬಹುದು, ಯಾವುದು ಯಾರ ತಲೆಯ ಮೇಲೆ ಬೀಳಬಹುದು ಎಂದು ಯೋಚಿಸಿ ಬರೆಯುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನು ಮನೆಗೆ ಬಂದ ಮೇಲೆ ಹೆಲ್ಮೆಟ್ ತೆಗೆದಿಡಬಹುದು, ತಲೆಯನ್ನು ತೆಗೆದಿಡಲಾಗುವುದಿಲ್ಲ. ನಮ್ಮ ಮದುವೆಯ ದಿನ ಅಕ್ಷತೆ ಬೀಳುವಾಗ ನಾನು ಹಂದರದ ಗಳುಗಳನ್ನು ನೋಡುತ್ತಿದ್ದೆ ಎಂದು ಗಿರಿಜಾ ಈಗಲೂ ಬಂದವರೆದುರಿಗೆ ಹೇಳುತ್ತಾಳೆ. ಒಂದು ಗಳು ಸಡಿಲವಿತ್ತು ಎಂಬುದನ್ನು ಮಾತ್ರ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಸವಿತಾ ನಮಗೆ ಒಬ್ಬಳೇ ಮಗಳು. ಇಲ್ಲಿನ ಸಮುದ್ರಕ್ಕೆ ಮರಳು ಸುರಿದು ದ್ವೀಪ ಮಾಡುತ್ತಿದ್ದ ಕಾಲವದು. ಅಂಥದೊಂದು ಕಂಪನಿಯಲ್ಲಿ ನಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಎರಡು ವರ್ಷದಲ್ಲಿ ಅಲ್ಲೇ ಕೆಲಸಕ್ಕಿದ್ದ ಪೀಟರ್ ಎಂಬ ಡಚ್ ಹುಡುಗನನ್ನು ಮನೆಗೆ ಕರೆತಂದು "ಅಪ್ಪಾ, ದಿಸ್ ಈಸ್ ಪೀಟರ್" ಎಂದಳು. ಆ ಕ್ಷಣಕ್ಕೆಂದು ನಾನು ಎರಡು ತಿಂಗಳಿಂದ ಆಕ್ಷೇಪಣೆಗಳನ್ನು ಜೋಡಿಸಿಟ್ಟಿದ್ದೆ. ಎಲ್ಲಿಂದ ಆರಂಭಿಸಲಿ ಎಂದು ತೋಚದೆ, ಹೆಸರಿಗೆ ಅರ್ಥವೇನಪ್ಪ ಎಂದು ಕೇಳಿದೆ. ಕಲ್ಲು ಎಂದ. ಗಿರಿಜಾ ಒಂದು ಗಳಿಗೆ ಯೋಚಿಸಿ, "ಅಂದ್ರ ಕಲ್ಲಪ್ಪ! ನಮ್ಮ ತವರಮನಿ ಕಡೆ ಮೂರು ಮಂದಿ ಕಲ್ಲಪ್ಪ ಅದಾರ. ಮೂರೂ ಮಂದಿ ಹೇಣ್ತಿ ಮಾತು ಕೇಳೋರು. ಕೂಡಪ್ಪಾ, ಚಹಾ ಮಾಡ್ತೀನಿ" ಎಂದು ಒಳಗೆ ಹೋದಳು. ಅಲ್ಲಿಗೆ ಮದುವೆಯ ಮಾತು ಮುಗಿಯಿತು. ಇಂದಿಗೂ ಅಡಿಗೆಮನೆಯಲ್ಲಿ ಅವನು ಕಲ್ಲಪ್ಪನೇ.

ಸವಿತಾಳ ಹೊಟ್ಟೆಯಲ್ಲಿರುವುದು ಗಂಡು ಎಂದು ಸ್ಕ್ಯಾನಿನಲ್ಲಿ ತಿಳಿದ ದಿನದಿಂದ ನನ್ನ ನಿಜವಾದ ತಲೆನೋವು ಶುರುವಾಯಿತು. "ಹೆಸರು ಸೀಕ್ರೆಟ್, ಅಪ್ಪಾ. ಅವರ ಕಡೆ ಹುಟ್ಟೋವರೆಗೂ ಯಾರಿಗೂ ಹೇಳಲ್ಲ. ನಿಮಗೂ ಇಲ್ಲ, ಅವರ ಅಪ್ಪ-ಅಮ್ಮನಿಗೂ ಇಲ್ಲ" ಎಂದಳು. ಹುಟ್ಟಿದ ಮೇಲಾದರೂ ಹೇಳುತ್ತೀರಲ್ಲ ಎಂದೆ. ಆಗ ಗಿರಿಜಾ ಬಾಯಿ ಹಾಕಿ, ನಮ್ಮ ಕಡೆ ಹದಿಮೂರನೆಯ ದಿನ ತೊಟ್ಟಿಲಲ್ಲಿ ಹಾಕಿದಾಗಲೇ ಹೆಸರು, ಅಲ್ಲಿಯವರೆಗೆ ಬಾಯಿ ಬಿಡಬಾರದು ಎಂದಳು. ಎರಡು ದೇಶಗಳ ಪದ್ಧತಿಗಳು ಒಂದಕ್ಕೊಂದು ಜಗಳವಾಡದೆ, ಕೈ ಕೈ ಹಿಡಿದುಕೊಂಡು ನನ್ನ ಎದೆಯ ಮೇಲೆ ಕುಳಿತವು.

ಮರುದಿನ ಆಫೀಸಿನಲ್ಲಿ ಕೆಲಸ ಮುಗಿದ ಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿ, ಡಚ್ ಗಂಡುಮಕ್ಕಳ ಹೆಸರುಗಳು ಮತ್ತು ಅವುಗಳ ಅರ್ಥ ಎಂಬ ನಲವತ್ತು ಪುಟಗಳನ್ನು ಮುದ್ರಿಸಿಕೊಂಡೆ. ಪ್ರಿಂಟರಿನ ಪಕ್ಕ ಕೂರುವ ಫಿಲಿಪ್ಪೀನ್ಸಿನ ಸೆಕ್ರೆಟರಿ ಮೊದಲ ಹಾಳೆ ನೋಡಿ, ನನ್ನ ನರೆತ ತಲೆ ನೋಡಿ, ಅತ್ಯಂತ ಗೌರವದಿಂದ "ಕಂಗ್ರಾಜುಲೇಷನ್ಸ್, ಸರ್" ಎಂದಳು. ನಾನು ತಿದ್ದಲು ಹೋಗಲಿಲ್ಲ. ಆ ವಯಸ್ಸಿನಲ್ಲಿ ಅಂಥ ಮಾತನ್ನು ಯಾರಾದರೂ ನಂಬಿಕೆಯಿಂದ ಹೇಳಿದಾಗ ತಿದ್ದಬಾರದು.

ಅಲ್ಲಿಂದ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಊಟದ ನಂತರ ಆ ನಲವತ್ತು ಪುಟಗಳ ಪಾರಾಯಣ. ಹೆಂಡ್ರಿಕ್ ಎಂದರೆ ಮನೆಯ ಒಡೆಯ. ಇದು ನಮ್ಮ ವಂಶಕ್ಕೆ ಸಲ್ಲದು, ಮನೆಯ ಒಡೆತನ ನಡೆಸಿದ ಗಂಡಸು ನಮ್ಮಲ್ಲಿ ಇದುವರೆಗೆ ಆಗಿಹೋಗಿಲ್ಲ ಎಂದು ನಾನೇ ಹೊಡೆದುಹಾಕಿದೆ. ಕೂನ್ ಎಂದರೆ ಧೈರ್ಯವಂತ. ಅದಕ್ಕೂ ಅದೇ ಕಾರಣ. ವಿಲ್ಲೆಮ್ ಎನ್ನುವುದರಲ್ಲಿ ಮನೋಬಲವೂ ಶಿರಸ್ತ್ರಾಣವೂ ಸೇರಿವೆಯಂತೆ. ಹುಟ್ಟುತ್ತಲೇ ತಲೆಗೆ ಹೆಲ್ಮೆಟ್ ಇರುವ ಈ ಹೆಸರು ನನಗೆ ಬಹಳ ಹಿಡಿಸಿತು. ಗಿರಿಜಾ "ಕೂಸಿಗೆ ಕುಲಾಯಿ ಹೊಲಿದೀನಿ, ಸಾಕು" ಎಂದು ತಳ್ಳಿಹಾಕಿದಳು. ಆರೆಂಡ್ ಎಂದರೆ ಹದ್ದು. ಫ್ಲೋರಿಸ್ ಎಂದರೆ ಹೂವು. "ಹೂವಪ್ಪ!" ಎಂದು ಅವಳು ಕಣ್ಣರಳಿಸಿದಳು, ಅವಳ ಚಿಕ್ಕಪ್ಪನ ಹೆಸರು. ಯೋರಿಸ್ ಎಂದರೆ ಬೇಸಾಯ ಮಾಡುವವನು. ರೂಬೆನ್ ಎಂದರೆ 'ನೋಡಿ, ಗಂಡು!' ಎಂದರ್ಥ. ಹೆರಿಗೆ ಕೋಣೆಯ ಬಾಗಿಲಿಗೆ ಬಂದ ಸೂಲಗಿತ್ತಿಯ ಮಾತನ್ನೇ ಹೆಸರು ಮಾಡಿದ ಜನ ಯಾರೋ ಎಂದು ನಾವಿಬ್ಬರೂ ನಕ್ಕೆವು. ಏವರ್ಟ್ ಎಂಬಲ್ಲಿಗೆ ಬಂದಾಗ ನಗೆ ನಿಂತಿತು. ಕಾಡುಹಂದಿಯಂತೆ ಬಲಶಾಲಿ ಎಂದು ಬರೆದಿತ್ತು. ಅದರ ಮುಂದೆ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. "ವರಾಹ ದೇವರ ಅವತಾರ ಹೌದಲ್ರೀ" ಎಂದು ಗಿರಿಜಾ ಸಮಾಧಾನ ಹೇಳಿದಳು. ಅವಳಿಗೆ ಯಾವುದೇ ಹೆಸರನ್ನೂ ನಮ್ಮೂರ ಬಸ್ ಸ್ಟ್ಯಾಂಡಿಗೆ ತಂದು ನಿಲ್ಲಿಸುವ ಕಲೆ ಸಿದ್ಧಿಸಿದೆ.

ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಆ ನಲವತ್ತು ಪುಟಗಳಲ್ಲಿ ಎಲ್ಲೂ ಇರದ ಹೆಸರು. ನನ್ನ ಅಪ್ಪ ಗುರುಲಿಂಗಪ್ಪ ಗದಗಿನ ಒಂದು ಅರಳೆ ಅಂಗಡಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದವರು. ರಾತ್ರಿ ಮಲಗುವ ಮೊದಲು ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡುವ ಮನುಷ್ಯ. ಒಮ್ಮೆ ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬಂದಾಗ, ಹನ್ನೆರಡನೆಯ ಮಹಡಿಯ ನಮ್ಮ ಬಾಲ್ಕನಿಗೆ ಕಾಲಿಡದೆ, ಒಳಗಿನಿಂದಲೇ ನನ್ನ ಅಂಗಿ ಹಿಡಿದುಕೊಂಡು ಊರು ನೋಡಿದರು. ಅವರು ಹೋಗಿ ಆರು ವರ್ಷವಾಗಿತ್ತು. ನನಗೆ ಗಂಡುಮಕ್ಕಳಿಲ್ಲ. ಚಿಲಕ ಎಳೆಯುವ ಅಭ್ಯಾಸ ನನಗೆ ಬಂದಿದೆ, ಹೆಸರು ಮಾತ್ರ ಎಲ್ಲಿಗೂ ಹೋಗದೆ ನಿಂತುಬಿಟ್ಟಿತ್ತು. ಮಗಳ ಮಗುವಿಗೆ ಇಡಿ ಎಂದು ಬಾಯಿಬಿಟ್ಟು ಕೇಳಲು ನನಗೆ ಹಕ್ಕಿಲ್ಲ. ಕೂಸು ಆ ಮನೆತನದ್ದು. ಅಲ್ಲದೆ ಡಚ್ಚರು ಗಕಾರವನ್ನು ಗಂಟಲಲ್ಲಿ ಮುಳ್ಳು ಸಿಕ್ಕವರಂತೆ ಕೆರೆದು ನುಡಿಯುತ್ತಾರೆ. ನನ್ನ ಅಪ್ಪ ಅವರ ಬಾಯಲ್ಲಿ ಖುರುಲಿಂಗಪ್ಪ ಆಗುತ್ತಿದ್ದರು. ಅದಕ್ಕೂ ನಾನು ಸಿದ್ಧನಿದ್ದೆ.

ಆದ್ದರಿಂದ ಒಂದು ಶುಕ್ರವಾರ, ಊಟಕ್ಕೆ ಬಂದಿದ್ದ ಪೀಟರನಿಗೆ ಹೋಳಿಗೆಯ ಮೇಲೆ ತುಪ್ಪ ಹಾಕುತ್ತಾ, ಏನೋ ಸಾಮಾನ್ಯ ಜ್ಞಾನ ಹೇಳುವವನಂತೆ, ನಮ್ಮ ಕಡೆ ಮೊದಲ ಗಂಡು ಕೂಸಿಗೆ ಅಜ್ಜನ ಹೆಸರಿಡುವ ರೂಢಿ ಉಂಟು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟ. "ಹೌದೇ ಮಾವಾ? ನಮ್ಮಲ್ಲೂ ಇದೆ. ನನ್ನ ಅಜ್ಜನೂ ಪೀಟರ್" ಎಂದ. ಸವಿತಾ ಅವನ ಮುಖ ನೋಡಿದಳು, ಅವನು ಸವಿತಾಳ ಮುಖ ನೋಡಿದ. ಬಾಣ ತಾಗಬೇಕಾದಲ್ಲಿ ತಾಗಿತು ಎಂದು ನಾನು ಎರಡನೆಯ ಹೋಳಿಗೆ ಬಡಿಸಿದೆ.

ಕೂಸು ಹುಟ್ಟಿತು. ತಾಯಿ-ಮಗು ಕ್ಷೇಮ. ಹನ್ನೊಂದನೆಯ ದಿನದ ಹೊತ್ತಿಗೆ ನನ್ನ ತಾಳ್ಮೆ ತೀರಿತು. ಡಚ್ಚರಲ್ಲಿ ಕೂಸಿನ ಹೆಸರನ್ನು ಚೆಂದದ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಬಂಧುಗಳಿಗೆ ಹಂಚುತ್ತಾರೆ. ಆ ಕಾರ್ಡು ಕರಾಮಾದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಪ್ರೆಸ್ಸಿನವರು ಪುತ್ತೂರಿನ ಕಡೆಯವರು, ನಮ್ಮ ಕನ್ನಡ ಸಂಘದ ಕರಪತ್ರಗಳನ್ನೂ ಅವರೇ ಮಾಡುವುದು. ಸೈಟಿಗೆ ಹೋಗುವ ದಾರಿ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಅಲ್ಲಿ ಕಾರು ನಿಲ್ಲಿಸಿದೆ. ಒಳಗೆ ಕಾಲಿಡುತ್ತಲೇ ಅವರು ಕನ್ನಡಕದ ಮೇಲಿಂದ ನೋಡಿ ನಕ್ಕರು.

"ಬನ್ನಿ ಸರ್. ಎಂತ, ಕಾರ್ಡ್ ನೋಡ್ಲಿಕ್ಕೆ ಬಂದದ್ದಲ್ವಾ?"

ಇಲ್ಲ, ಸಂಘದ ರಸೀದಿ ಪುಸ್ತಕದ ವಿಚಾರ ಎಂದೆ.

"ಸುಮ್ನಿರಿ ಮಾರಾಯ್ರೆ. ನಿಮ್ಮ ಮಗಳು ಮೊದಲೇ ಹೇಳಿ ಹೋಗಿದ್ದಾರೆ. ಅಪ್ಪ ಬರ್ತಾರೆ, ರಸೀದಿ ಪುಸ್ತಕ ಅಂತ ಹೇಳ್ತಾರೆ, ತೋರಿಸಬೇಡಿ ಅಂತ. ಚಾ ಕುಡೀರಿ, ಕಾರ್ಡ್ ಮಾತ್ರ ಅರಬಿಯವರ ಮಾಫಿ, ಇಲ್ಲವೇ ಇಲ್ಲ!"

ಚಹಾ ಕುಡಿದೆ. ಎದ್ದು ಹೊರಡುವಾಗ, "ಒಂದು ಮಾತು ಮಾತ್ರ ಹೇಳ್ತೇನೆ. ನಿಮಗೆ ಖುಷಿ ಆಗ್ತದೆ" ಎಂದರು. ಅಂದ ಮೇಲೆ ಅಪ್ಪನ ಹೆಸರೇ. ಕಾರಿನಲ್ಲಿ ಕುಳಿತು ಸೀಟ್ ಬೆಲ್ಟ್ ಹಾಕಿಕೊಂಡು, ಹೊರಡುವುದನ್ನು ಮರೆತು ಸ್ವಲ್ಪ ಹೊತ್ತು ಹಾಗೇ ಇದ್ದೆ.

ಆ ಶುಕ್ರವಾರ ಬಂತು. ನನ್ನ ಪಟ್ಟಿಗೆ ಆದ ಅವಮಾನವನ್ನು ಏನೆಂದು ಹೇಳಲಿ! ಶಾರ್ಜಾದವರು ಹೇಳಿದ ಸಮಯಕ್ಕಿಂತ ಕಾಲು ಗಂಟೆ ಮುಂಚೆ ಬಂದರು. ಗುಗ್ಗರಿ ಹಳಸಲಿಲ್ಲ. ತೊಟ್ಟಿಲಿನ ಕಾಲಿನ ಕೆಳಗೆ ಪೀಟರ್ ಒಂದು ಮಡಿಸಿದ ರಟ್ಟು ಇಟ್ಟು ಸಮ ಮಾಡಿದ್ದ. ಅವನ ತಂಗಿ ಮರೈಕೆ ಗಿರಿಜಾಳ ಇಳಕಲ್ ಸೀರೆಯನ್ನು ಮೊಣಕಾಲಿಗಿಂತ ಒಂದು ಗೇಣು ಕೆಳಗಿನವರೆಗೆ ಉಟ್ಟುಕೊಂಡು, ಎಲ್ಲರಿಗೂ ರಸ್ಕು ಹಂಚುತ್ತಿದ್ದಳು. ರಸ್ಕಿನ ಮೇಲೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಲೇಪಿಸಿದ ನೀಲಿ-ಬಿಳಿ ಸೋಂಪಿನ ಕಾಳು ಉದುರಿಸಿತ್ತು. ಗಂಡು ಹುಟ್ಟಿದರೆ ಅವರಲ್ಲಿ ಹೀಗೆ ಹಂಚುವುದಂತೆ. "ಇದು ನಮ್ಮ ಬಡೇಸೋಪಿನ ಗುಳಿಗಿ ಅಲ್ಲೇನ್ರೀ!" ಎಂದು ಗಿರಿಜಾ ಇನ್ನೆರಡು ಕೇಳಿ ತಿಂದಳು. ಗುದ್ದು ಮೂರಕ್ಕೆ ಮೀರಬಾರದು, ಮುಷ್ಟಿ ಸಡಿಲವಿರಬೇಕು ಎಂದು ನಾನು ಹೆಂಗಸರಿಗೆ ಮೊದಲೇ ತಿಳಿಸಿ ಹೇಳಲು ಹೋದೆ. ನಮ್ಮ ಕೆಳಗಿನ ಫ್ಲ್ಯಾಟಿನ ಡಾಕ್ಟರ ತಾಯಿ, ಊರಿಂದ ಮಗನನ್ನು ನೋಡಲು ಬಂದಿದ್ದ ನೀಲವ್ವಾಯಿ, "ಗಂಡಸರಿಗೇನ್ ಕೆಲಸ ಇಲ್ಲಿ? ಅತ್ಲಾಗ ಹೋಗಿ ಕುಂಡ್ರಿ" ಎಂದು ನನ್ನನ್ನು ಸೋಫಾಕ್ಕೆ ಅಟ್ಟಿದರು.

ಮರೈಕೆ ತೊಟ್ಟಿಲ ಬಳಿ ಮಂಡಿಯೂರಿದಳು. ಆ 'ಕುರ್ರ್' ಇದೆಯಲ್ಲ, ಅದಕ್ಕೆಂದೇ ದೇವರು ಡಚ್ಚರಿಗೆ ಅಂಥ ಗಂಟಲು ಕೊಟ್ಟಿರಬೇಕು. ಗದಗಿನಲ್ಲೂ ಅಷ್ಟು ಚೆನ್ನಾದ ಕುರ್ರ್ ನಾನು ಕೇಳಿಲ್ಲ. ಗುದ್ದುಗಳು ಬಿದ್ದವು. ಅವಳು ನಕ್ಕು ನಕ್ಕು ನೀರಾದಳು. ವಿಮಾನ ಯಾವುದೂ ಬರಲಿಲ್ಲ. ಎದ್ದು ನಿಂತು, ವಾರದಿಂದ ಕಲಿತಂತೆ ಬಿಡಿಸಿ ಬಿಡಿಸಿ, ಸ್ಪಷ್ಟವಾಗಿ ಹೇಳಿದಳು:

"ಬ-ಸ-ಪ್ಪ!"

ಓದುಗರಿಗೆ ಇಲ್ಲಿ ಒಂದು ವಿಷಯ ತಿಳಿಸಬೇಕು. ಬಸಪ್ಪ ಎಂದರೆ ನಾನು.

ನೀಲವ್ವಾಯಿ ಗಲ್ಲಕ್ಕೆ ಕೈ ಹಚ್ಚಿಕೊಂಡು, "ಅಯ್ಯ ನಮ್ಮವ್ವ! ಅವ್ರು ಇಲ್ಲೇ ಕುಂತಾರಲ್ಲ, ಗಟ್ಟಿ ಅದಾರ!" ಎಂದರು. ಎಲ್ಲರೂ ಸೋಫಾದ ಕಡೆ ತಿರುಗಿದರು. ಕೈಯಲ್ಲಿ ಗುಗ್ಗರಿ ಹಿಡಿದು ನಾನು ಬದುಕಿದ್ದೆ. ಆ ಹೊತ್ತಿಗೆ ಅದು ದೊಡ್ಡ ಅಸಭ್ಯತೆ ಎನಿಸಿ, ಅಗಿಯುವುದನ್ನಾದರೂ ನಿಲ್ಲಿಸಿದೆ.

ನಮ್ಮಲ್ಲಿ ಅಜ್ಜನ ಹೆಸರಿಡುವುದು ನಿಜ. ಆದರೆ ಅಜ್ಜ ಹೋದ ಮೇಲೆ. ಬದುಕಿರುವವರ ಹೆಸರನ್ನು ಕೂಸಿಗೆ ಇಟ್ಟರೆ, ಅವರಿಗೆ ಹೊರಡುವ ಹೊತ್ತಾಯಿತು ಎಂದು ಹೇಳಿದಂತೆ. ನಾನಿನ್ನೂ ಇರುವುದರಿಂದ ಸರದಿ ನನ್ನ ತಲೆಯ ಮೇಲಿಂದ ದಾಟಿ ನನ್ನ ಅಪ್ಪನಿಗೆ ಹೋಗಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ನೀರು ಒದ್ದೆ ಎಂದು ಹೇಳಿಕೊಡುತ್ತಾರೆಯೇ? ಗಿರಿಜಾ ಒಳಗೆ ಓಡಿ ಉಪ್ಪು-ಮೆಣಸಿನಕಾಯಿ ತಂದು, ಕೂಸಿಗೆ ತೆಗೆಯಬೇಕಾದ ದೃಷ್ಟಿಯನ್ನು ನನಗೆ ತೆಗೆದಳು. ಸವಿತಾ ಅಳುವಂತಾದಳು.

"ಅಪ್ಪಾ, ನೀವೇ ಹೇಳಿದ್ರಲ್ಲ, ಗ್ರ್ಯಾಂಡ್‌ಫಾದರ್ಸ್ ನೇಮ್ ಅಂತ!"

"ಹೇಳಿದ್ದು ಖರೇ ಅವ್ವಾ. ಆದ್ರ ಅಜ್ಜ ಸತ್ತಿರಬೇಕು."

"ಆ ಪಾರ್ಟ್ ನೀವು ಹೇಳೇ ಇಲ್ಲ!"

ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಷರತ್ತುಗಳನ್ನೇ ಬರೆದು ಬದುಕಿದವನು ಒಂದು ಷರತ್ತು ಬಿಟ್ಟಿದ್ದೆ.

ಪೀಟರ್ ಕಾರ್ಡನ್ನು ನನ್ನ ಕೈಗೆ ಕೊಟ್ಟ. ಅವರಲ್ಲಿ ಕಾಗದದ ಹೆಸರು ಬೇರೆ, ಕರೆಯುವ ಹೆಸರು ಬೇರೆ. ಕಾಗದಕ್ಕೆ ಬಸಪ್ಪ ಪೀಟರ್, ಕರೆಯಲು ಬಸ್. ಬಸ್ ಎಂಬ ಹುಡುಗರು ಹಾಲೆಂಡಿನಲ್ಲಿ ಬೀದಿಗಿಬ್ಬರು ಇದ್ದಾರಂತೆ, ಅಲ್ಲಿ ಅದಕ್ಕೆ ಪೂಜ್ಯ ಎಂದು ಅರ್ಥವಂತೆ. ನಮ್ಮೂರ ಪತ್ರಿಕೆಗಳಲ್ಲಿ ಆ ಶಬ್ದ ಹಾರ ಹಾಕಿದ ಫೋಟೋದ ಕೆಳಗೇ ಹೆಚ್ಚಾಗಿ ಬರುತ್ತದೆ ಎಂದು ನಾನು ಹೇಳಲಿಲ್ಲ. ಹುಡುಗ ಬೆವರುತ್ತಿದ್ದ. "ತಪ್ಪಾಯಿತು ಮಾವಾ. ನಮ್ಮಲ್ಲಿ ಇರುವವರ ಹೆಸರೇ ಇಡುವುದು. ಕೊಟ್ಟವರು, ಪಡೆದವರು ಒಬ್ಬರನ್ನೊಬ್ಬರು ನೋಡಲಿ, ಕೈ ಹಿಡಿದು ನಡೆಯಲಿ ಅಂತ. ಜನನ ಪತ್ರದ ಅರ್ಜಿ ಕೊಡುವುದು ನಾಳೆ. ಬದಲಾಯಿಸಬಹುದು. ನಿಮ್ಮ ಅಪ್ಪನ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ" ಎಂದು ಜೇಬಿನಿಂದ ಪೆನ್ನು ತೆಗೆದ.

ನಾಲ್ಕು ತಿಂಗಳು ಕಾದ ಗಳಿಗೆ ಪೆನ್ನು ಹಿಡಿದುಕೊಂಡು ಎದುರಿಗೆ ನಿಂತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗಿರಿಜಾ, ಮೆಣಸಿನಕಾಯಿಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದುಕೊಂಡು, ಮೆಲ್ಲಗೆ ಕೇಳಿದಳು: "ಅವರ ಹೆಸರು ಇಟ್ರೂ ನಾನು ಕೂಸಿನ್ನ ಏನಂತ ಕರೀಬೇಕ್ರೀ? ಮಾವನವರ ಹೆಸರು ಹಿಡಿದು ಕರೀಲೇನು?"

ಗಿರಿಜಾ ದುಬೈ ಲೈಸೆನ್ಸ್ ಪಡೆದು ಟ್ರಕ್ಕುಗಳನ್ನು ಹಿಂದೆ ಹಾಕಿ ಕಾರು ಓಡಿಸುವ ಹೆಂಗಸು. ಆದರೆ ಗಂಡನ ಹೆಸರನ್ನೂ ಮಾವನ ಹೆಸರನ್ನೂ ಬಾಯಿಂದ ಹೇಳುವುದಿಲ್ಲ. ಕ್ಲಿನಿಕ್ಕಿನ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ ಪಾಸ್‌ಪೋರ್ಟ್ ತೆರೆದು, ವೀಸಾ ಪುಟದಲ್ಲಿ ನನ್ನ ಹೆಸರಿರುವ ಜಾಗದ ಮೇಲೆ ಬೆರಳಿಡುತ್ತಾಳೆ. ಮದುವೆ-ಮುಂಜಿಗಳಲ್ಲಿ ಹೆಂಗಸರು ಬಿಡದೆ ಕಾಡಿದರೆ ಒಡಪು ಕಟ್ಟಿ, ಪ್ರಾಸದ ಸಂದಿಯಲ್ಲಿ ಹೇಳಿದಂತೆ ಮಾಡಿ ಓಡಿಹೋಗುತ್ತಾಳೆ. ನಲವತ್ತು ಪುಟಗಳನ್ನು ನಾನು ಅವಳ ಜೊತೆಯಲ್ಲೇ ಓದಿದೆ. ಕಾಡುಹಂದಿಗೂ ಕೆಂಪು ಗುರುತು ಹಾಕಿದೆ. ಕೂಸನ್ನು ದಿನಕ್ಕೆ ನೂರು ಸಲ ಕರೆಯುವವಳು ಯಾರು ಎಂಬ ಯೋಚನೆ ಒಂದು ದಿನವೂ ನನಗೆ ಬಂದಿರಲಿಲ್ಲ.

"ನಿಂಗ ಯಾವ್ದು ಆದೀತು?" ಎಂದು ಕೇಳಿದೆ.

"ಎರಡೂ ಆಗಂಗಿಲ್ಲ" ಎಂದಳು. ತೊಟ್ಟಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ. "ಆದ್ರ ಇದನ್ನ ಕಲೀಬಹುದು. ಕಲ್ಲಪ್ಪ ಅಷ್ಟು ಪ್ರೀತೀಲೆ ಇಟ್ಟಾನ."

ಪೀಟರನಿಗೆ ಪೆನ್ನು ಜೇಬಿಗೆ ಹಾಕು ಎಂದೆ. ದೊಡ್ಡ ತ್ಯಾಗವೆಂದು ಯಾರೂ ತಿಳಿಯಬೇಡಿ. ಅಪ್ಪನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆದರೆ ಅಷ್ಟು ಹೆಸರುಗಳಿರುವಾಗ, ಹದ್ದು, ಹೂವು, ಶಿರಸ್ತ್ರಾಣಗಳನ್ನೆಲ್ಲ ಬಿಟ್ಟು, ಇಬ್ಬರು ಮಕ್ಕಳು ನನ್ನ ಹೆಸರನ್ನು ಆರಿಸಿದ್ದರಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ ಎಂಬುದೇ ನಿಜ. ಆ ಕಾರ್ಡುಗಳಲ್ಲಿ ಹನ್ನೊಂದನ್ನು ನಾನೇ ಎತ್ತಿಟ್ಟುಕೊಂಡೆ.

ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ಸವಿತಾ ಮಲಗಿದ್ದಳು. ಒಳಕೋಣೆಯಲ್ಲಿ ಕೂಸು ಅತ್ತಿತು. ಗಿರಿಜಾ ಎತ್ತಿಕೊಂಡ ಸದ್ದಾಯಿತು. ಆಮೇಲೆ, ಒಡಪಿಲ್ಲದೆ, ಪ್ರಾಸವಿಲ್ಲದೆ, ಮೂವತ್ತು ವರ್ಷದಲ್ಲಿ ಮೊದಲ ಸಲ:

"ಯಾಕೋ ಬಸಪ್ಪಾ? ಹಸಿವಾಗೇತೇನೋ ನಿನಗ?"

ಸೋಫಾದಲ್ಲಿದ್ದ ನಾನು "ಹೂಂ" ಎಂದುಬಿಟ್ಟೆ. ಒಳಗೆ ಅವಳು ನಗುವುದು ಕೇಳಿಸಿತು, ಕೂಸಿನ ಅಳು ನಿಂತಿತು. ಅಂತೂ ಆ ದಿನ ಇಷ್ಟು ದೊಡ್ಡ ಕಾರ್ಯದಲ್ಲಿ ತಪ್ಪಿದ್ದು ಒಂದೇ ಒಂದು, ಅದೂ ಸಣ್ಣದು: ನಾನಿನ್ನೂ ಬದುಕಿದ್ದೆ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.